ಹಗೇವು ಕಂಡವರು ಹಡಗು ಹತ್ತುವ ಮುನ್ನ

ನನ್ನ ಅಕ್ಕನ ಮಗ ಬರುವ ಸೋಮವಾರ ಹುಬ್ಬಳ್ಳಿಯಿಂದ ಮುಂಬೈ ರೈಲು ಹತ್ತುತ್ತಾನೆ. ಅಲ್ಲಿಂದ ವಿಮಾನ, ವಿಮಾನದಿಂದ ಇಳಿದ ಮೇಲೆ ಹಡಗು. ರೋಣ ತಾಲ್ಲೂಕಿನ ಎರೆಹೊಲದಲ್ಲಿ ಬೆಳೆದ ಹುಡುಗ. ಸಮುದ್ರವನ್ನು ಅವನು ಮೊದಲು ಕಂಡದ್ದು ಗೋಕರ್ಣದಲ್ಲಿ, ಅಜ್ಜಿಯ ಅಸ್ಥಿ ಬಿಡಲು ಹೋದಾಗ. ಹದಿನೈದು ದಿನಗಳಿಂದ ಸಂಜೆಯಾದರೆ ನೋಟ್‌ಬುಕ್ ಹಿಡಿದು ನನ್ನ ಮುಂದೆ ಕೂಡುತ್ತಾನೆ. ಮೊನ್ನೆ, “ಮಾಮಾ, ನೀವು ಹೇಳಿದ್ದರಲ್ಲಿ ಅರ್ಧ ಬರೆದುಕೊಳ್ಳುವಷ್ಟರಲ್ಲಿ ಇನ್ನರ್ಧ ಮರೆತುಹೋಗುತ್ತದೆ, ನೀವೇ ಬರೆದುಕೊಡಿ” ಎಂದ. ಬರೆಯಲು ಕುಳಿತಾಗ ಇದು ಅವನೊಬ್ಬನಿಗೆ ಸಾಲದು ಎನಿಸಿತು. ನಾನು ರಜೆಗೆ ಬಂದಾಗಲೆಲ್ಲ ಗದಗ, ಹಾವೇರಿ, ನವಲಗುಂದದ ಕಡೆಯ ತಂದೆತಾಯಿಗಳು ಮಗನನ್ನು ಕರೆದುಕೊಂಡು ಮನೆಗೆ ಬರುತ್ತಾರೆ. ಬಹಳ ಮಂದಿ ಹಣ ಕೊಟ್ಟಾದ ಮೇಲೆ ಬರುತ್ತಾರೆ. ಕೊಡುವ ಮೊದಲೇ ಬರಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ನಾನು 1998ರಿಂದ ಹಡಗಿನಲ್ಲಿದ್ದೇನೆ. ಡೆಕ್ ತೊಳೆಯುವ ಕೆಲಸದಿಂದ ಶುರುಮಾಡಿ ಈಗ ಬೋಸನ್ ಆಗಿದ್ದೇನೆ. ಡೆಕ್ಕಿನ ಆಳುಗಳಿಗೆ ಮೇಸ್ತ್ರಿ ಇದ್ದ ಹಾಗೆ. ಹಳೆಯ ಖಲಾಸಿಗಳು ಇದೇ ಹುದ್ದೆಗೆ ಸರಂಗ ಎನ್ನುತ್ತಿದ್ದರು.

ಮೊದಲು ಕಣ್ಣು

ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ಹುಡುಗನನ್ನು ಕಣ್ಣಿನ ವೈದ್ಯರ ಬಳಿ ಕರೆದುಕೊಂಡು ಹೋಗಿ ಬಣ್ಣದ ಪರೀಕ್ಷೆ ಮಾಡಿಸಿ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಬಚ್ಚಿಟ್ಟಿರುವ ಇಶಿಹಾರಾ ಪುಸ್ತಕ ಬಹುತೇಕ ಕಣ್ಣಿನ ಆಸ್ಪತ್ರೆಗಳಲ್ಲಿ ಇರುತ್ತದೆ. ಐದು ನಿಮಿಷದ ಕೆಲಸ. ಹಡಗಿನ ಎಡಮಗ್ಗುಲಿಗೆ ಕೆಂಪು ದೀಪ, ಬಲಮಗ್ಗುಲಿಗೆ ಹಸಿರು, ಹಿಂಬದಿಗೆ ಬಿಳಿ. ರಾತ್ರಿ ಎದುರಿನ ಹಡಗು ಯಾವ ದಿಕ್ಕಿಗೆ ಹೊರಟಿದೆ ಎಂಬುದನ್ನು ಆ ಬಣ್ಣಗಳಿಂದಲೇ ತಿಳಿಯಬೇಕು. ಕೆಂಪು-ಹಸಿರು ಬೇರೆಮಾಡಲಾಗದ ಹುಡುಗನನ್ನು ಡೆಕ್ಕಿನ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ಸವಣೂರಿನ ಕಡೆಯ ಒಬ್ಬ ಹುಡುಗನಿಗೆ ಕೋರ್ಸಿನ ಶುಲ್ಕವನ್ನೆಲ್ಲ ಕಟ್ಟಿದ ಮೇಲೆ ಇದು ಗೊತ್ತಾಯಿತು. ಮೆಣಸಿನಕಾಯಿ ಮಾರಿದ ದುಡ್ಡು ಅದು.

ಕಣ್ಣು ಸರಿಯಿದ್ದರೆ ದಾರಿ ಆರಿಸಿಕೊಳ್ಳಬೇಕು. ಹತ್ತನೆಯ ತರಗತಿ ಮುಗಿಸಿದವರಿಗೆ ಜಿಪಿ ರೇಟಿಂಗ್ ಎಂಬ 6 ತಿಂಗಳ ತರಬೇತಿ ಇದೆ. ಅದರಿಂದ ಡೆಕ್ಕಿಗೂ ಹೋಗಬಹುದು, ಎಂಜಿನ್ ಕೋಣೆಗೂ ಹೋಗಬಹುದು. ಅಡುಗೆಯ ಕಡೆಗೆ ಬೇರೆಯೇ ಕೋರ್ಸು. ಆದರೆ ನಿಮ್ಮ ಮಗ ಪಿಯುಸಿಯಲ್ಲಿ ವಿಜ್ಞಾನ ಓದಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಒಳ್ಳೆಯ ಅಂಕ ತೆಗೆದಿದ್ದರೆ ದಯವಿಟ್ಟು ಅವನನ್ನು ರೇಟಿಂಗ್ ಕೋರ್ಸಿಗೆ ಸೇರಿಸಬೇಡಿ. ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೆಸಿ. ಅದು ಅಧಿಕಾರಿಯಾಗುವ ದಾರಿ. ಕೆಳಗಿನಿಂದ ಹೋಗಿ ಅಧಿಕಾರಿಯಾದವರೂ ಇದ್ದಾರೆ, ಆದರೆ ಅವರು ಸವೆಸಿದ ವರ್ಷಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ನೇರ ದಾರಿ ಇರುವಾಗ ಸುತ್ತುದಾರಿ ಬೇಡ.

ಕಾಗದಪತ್ರಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಓಡಬೇಕಿಲ್ಲ, ಹುಬ್ಬಳ್ಳಿಯಲ್ಲೇ ಸೇವಾ ಕೇಂದ್ರವಿದೆ. ಭಾರತೀಯ ನಾವಿಕರ ದಾಖಲೆಯಲ್ಲಿ ಹುಡುಗನಿಗೆ ಸಿಗುವ ಇಂಡೋಸ್ ಸಂಖ್ಯೆ, ಸಿಡಿಸಿ ಎಂಬ ನಾವಿಕನ ಪುಸ್ತಕ, ಮಾನ್ಯತೆ ಪಡೆದ ವೈದ್ಯರ ಪ್ರಮಾಣಪತ್ರ, ನೀರಿನಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ ಮೊದಲಾದ ಮೂಲ ಸುರಕ್ಷತಾ ತರಬೇತಿಯ ಪ್ರಮಾಣಪತ್ರಗಳು, ಹಳದಿ ಜ್ವರದ ಲಸಿಕೆ. ಈ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ 10 ದಿನಗಳ ನಂತರವೇ ಊರ್ಜಿತವಾಗುತ್ತದೆ, ಹೊರಡುವ ಹಿಂದಿನ ದಿನ ಓಡಾಡಿದರೆ ಪ್ರಯೋಜನವಿಲ್ಲ. ಪ್ರತಿಯೊಂದು ಕಾಗದದಲ್ಲೂ ಹೆಸರಿನ ಅಕ್ಷರ ಒಂದೇ ತೆರನಾಗಿರಬೇಕು. ನಮ್ಮ ಕಡೆ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮೊದಲು, ಆಧಾರ್‌ನಲ್ಲಿ ಕೊನೆಗೆ, ಇನ್ನೊಂದರಲ್ಲಿ ತಂದೆಯ ಹೆಸರು ನಡುವೆ ಬಂದಿರುತ್ತದೆ. ಇದನ್ನು ಪಾಸ್‌ಪೋರ್ಟಿಗೆ ಮೊದಲೇ ಸರಿಮಾಡಿಸಿ.

ಕೆಲಸಕ್ಕೆ ಹಣ ಕೊಡಬೇಡಿ

1997ರಲ್ಲಿ ನನ್ನ ಅಪ್ಪ ಒಂದು ಜೋಡಿ ಎತ್ತು ಮಾರಿ ಮುಂಬೈಯ ಒಬ್ಬ ಏಜೆಂಟನ ಕೈಗೆ ಹಣವಿಟ್ಟ. ಆತ ನನ್ನನ್ನು ಹದಿನಾಲ್ಕು ಹುಡುಗರ ಜೊತೆ ಒಂದೇ ಕೋಣೆಯಲ್ಲಿ ಎಂಟು ತಿಂಗಳು ಮಲಗಿಸಿ, “ಹಡಗು ಇಂದು ಬರುತ್ತದೆ, ನಾಳೆ ಬರುತ್ತದೆ” ಎನ್ನುತ್ತಾ ಒಂದು ದಿನ ಕಚೇರಿಗೆ ಬೀಗ ಹಾಕಿಕೊಂಡು ಹೋಗಿಬಿಟ್ಟ. ಆ ವರ್ಷ ಅಪ್ಪ ಬೇರೆಯವರ ಎತ್ತು ಬೇಡಿ ತಂದು ಬಿತ್ತಿದ. ಆ ಎತ್ತುಗಳ ಮಾತನ್ನು ನಾನು ಇಂದಿಗೂ ಅವನ ಮುಂದೆ ಆಡುವುದಿಲ್ಲ.

ಈಗ ಕಾನೂನು ಸ್ಪಷ್ಟವಾಗಿದೆ. ನಾವಿಕರನ್ನು ಹಡಗಿಗೆ ಸೇರಿಸುವ ಕಂಪನಿಗೆ ಆರ್‌ಪಿಎಸ್‌ಎಲ್ ಎಂಬ ಪರವಾನಗಿ ಇರಬೇಕು. ಅದನ್ನು ಮುಂಬೈಯಲ್ಲಿರುವ ಡೈರೆಕ್ಟೊರೇಟ್ ಜನರಲ್ ಆಫ್ ಶಿಪ್ಪಿಂಗ್ ಕೊಡುತ್ತದೆ. ನಾವಿಕರ ಹಕ್ಕುಗಳನ್ನು ಕಾಯುವ ಅಂತರರಾಷ್ಟ್ರೀಯ ಒಪ್ಪಂದವಾದ 2006ರ ಮ್ಯಾರಿಟೈಮ್ ಲೇಬರ್ ಕನ್ವೆನ್ಶನ್‌ಗೆ ಭಾರತ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಪ್ರಕಾರ ಕೆಲಸ ಕೊಡಿಸಿದ್ದಕ್ಕೆಂದು ನಾವಿಕನಿಂದ ಹಣ ಪಡೆಯುವಂತಿಲ್ಲ. ಪಾಸ್‌ಪೋರ್ಟ್, ಸಿಡಿಸಿ, ವೈದ್ಯಕೀಯ ಪರೀಕ್ಷೆಗಳ ಖರ್ಚು ನಿಮ್ಮದು, ತರಬೇತಿ ಸಂಸ್ಥೆಯ ಶುಲ್ಕವೂ ನಿಮ್ಮದು. ಕೆಲಸದ ಬೆಲೆ ಸೊನ್ನೆ. ಯಾರಾದರೂ “ಸೀಟು ಹಿಡಿದಿಡಲು ಎರಡು ಲಕ್ಷ” ಎಂದರೆ ಎದ್ದು ಬನ್ನಿ. ಆತ ನಿಮ್ಮ ಊರಿನವನೇ ಆಗಿರಲಿ, ನಿಮ್ಮ ಬೀಗರ ಪರಿಚಯದವನೇ ಆಗಿರಲಿ, ಎದ್ದು ಬನ್ನಿ.

ಪರೀಕ್ಷಿಸುವ ರೀತಿ ಹೀಗೆ. ಕಂಪನಿಯ ಆರ್‌ಪಿಎಸ್‌ಎಲ್ ಸಂಖ್ಯೆ ಕೇಳಿ. ಡಿಜಿ ಶಿಪ್ಪಿಂಗ್‌ನ ಜಾಲತಾಣವನ್ನು ನೀವೇ ತೆರೆದು ಪಟ್ಟಿಯಲ್ಲಿ ಹುಡುಕಿ. ಆತ ಮೊಬೈಲಿಗೆ ಕಳಿಸಿದ ಕೊಂಡಿಯನ್ನು ಒತ್ತಬೇಡಿ. ಪಟ್ಟಿಯಲ್ಲಿರುವ ದೂರವಾಣಿಗೆ ಕರೆಮಾಡಿ “ಇಂಥವರು ನಿಮ್ಮವರೇ?” ಎಂದು ವಿಚಾರಿಸಿ. ಒಳ್ಳೆಯ ಕಂಪನಿಯ ಹೆಸರನ್ನು ಕದ್ದು ಕಾರ್ಡು ಅಚ್ಚುಹಾಕಿಸಿಕೊಂಡವರು ಬೇಕಾದಷ್ಟಿದ್ದಾರೆ. ತರಬೇತಿ ಸಂಸ್ಥೆಗಳ ಪಟ್ಟಿಯೂ ಅದೇ ಜಾಲತಾಣದಲ್ಲಿದೆ. ಅದರಲ್ಲಿ ಇಲ್ಲದ ಸಂಸ್ಥೆ ಕೊಡುವ ಪ್ರಮಾಣಪತ್ರ ಬರೀ ಕಾಗದ. ಹಡಗಿನ ಹೆಸರಿನ ಜೊತೆಗೆ ಅದರ ಐಎಂಒ ಸಂಖ್ಯೆಯನ್ನೂ ಕೇಳಿ ಪಡೆಯಿರಿ. ಏಳು ಅಂಕಿಗಳ ಈ ಸಂಖ್ಯೆ ಹಡಗು ಹುಟ್ಟಿದಾಗಿನಿಂದ ಗುಜರಿಗೆ ಹೋಗುವವರೆಗೆ ಒಂದೇ. ಹೆಸರು ಬದಲಾಗಬಹುದು, ಬಾವುಟ ಬದಲಾಗಬಹುದು, ಮಾಲೀಕ ಬದಲಾಗಬಹುದು, ಅದು ಮಾತ್ರ ಬದಲಾಗದು. ಆ ಸಂಖ್ಯೆ ಹಾಕಿ ಹುಡುಕಿದರೆ ಹಡಗಿನ ವಯಸ್ಸು, ಅದು ಹಿಂದೆಂದಾದರೂ ನಾವಿಕರನ್ನು ನಡುನೀರಿನಲ್ಲಿ ಕೈಬಿಟ್ಟವರ ಪಟ್ಟಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಇನ್ನೊಂದು ಮಾತು: ಕೆಲಸದ ಒಪ್ಪಂದಕ್ಕೆ ಸಹಿ ಹಾಕದೆ ಮನೆ ಬಿಡಬೇಡಿ, ಟೂರಿಸ್ಟ್ ವೀಸಾದಲ್ಲಿ ಹೋಗಿ ಹಡಗು ಸೇರು ಎಂದರೆ ಹೋಗಲೇಬೇಡಿ.

ಚೀಲದಲ್ಲಿ ಏನಿರಬೇಕು

ಬಾಯ್ಲರ್ ಸೂಟು, ಶೂ, ಹೆಲ್ಮೆಟ್‌ಗಳನ್ನು ಕಂಪನಿಯೇ ಕೊಡುತ್ತದೆ. ನೀವು ಒಯ್ಯಬೇಕಾದದ್ದು ಹತ್ತಿಯ ಬನಿಯನ್ನುಗಳು, ಚಳಿಗೆ ಒಳಉಡುಪು, ಮಂಕಿ ಕ್ಯಾಪು, ಸಣ್ಣ ಟಾರ್ಚು, ಬೀಗ, ಸೂಜಿದಾರ, ಕನ್ನಡಕವಿದ್ದರೆ ಇನ್ನೊಂದು ಜೊತೆ. ಮೂಲ ಕಾಗದಗಳು ಕೈಚೀಲದಲ್ಲಿರಲಿ. ದೊಡ್ಡ ಚೀಲ ವಿಮಾನದಲ್ಲಿ ತಪ್ಪಿಹೋದರೂ ನೀವು ಹಡಗು ಹತ್ತಬಹುದು, ಸಿಡಿಸಿ ತಪ್ಪಿದರೆ ಹತ್ತಲಾಗದು.

ಅವ್ವನ ಕೈಯ ತಿನಿಸಿಲ್ಲದೆ ಹೊರಡಿ ಎಂದು ನಾನು ಹೇಳುವುದಿಲ್ಲ. ಖಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿಯೂ ಅಷ್ಟೇ. ಸಮುದ್ರ ಎದ್ದಾಗ, ಹೊಟ್ಟೆ ತಿರುಚಿ ಯಾವ ಅನ್ನವೂ ಸೇರದಿದ್ದಾಗ, ಒಣ ರೊಟ್ಟಿಯ ಒಂದು ತುಂಡು ನಿಂತಷ್ಟು ಬೇರೆ ಏನೂ ನಿಲ್ಲುವುದಿಲ್ಲ. ಆದರೆ ಅಂಟಿನ ಉಂಡಿ ಕಟ್ಟುವಾಗ ಅವ್ವ ಗಸಗಸೆ ಹಾಕದಂತೆ ನೋಡಿಕೊಳ್ಳಿ. ದುಬೈ, ಸಿಂಗಪುರದಲ್ಲಿ ಗಸಗಸೆಯನ್ನು ಮಾದಕ ವಸ್ತುಗಳ ಜೊತೆಗೆ ಎಣಿಸುತ್ತಾರೆ, ಸಿಕ್ಕಿಬಿದ್ದರೆ ಜೈಲು. ಮಸಾಲೆಪುಡಿಯಲ್ಲೂ ಅದು ಇರಬಾರದು. ಆಸ್ಟ್ರೇಲಿಯಾದಂಥ ದೇಶದಲ್ಲಿ ಇಳಿದು ಹಡಗು ಸೇರುವುದಿದ್ದರೆ ಚೀಲದಲ್ಲಿರುವ ತಿನಿಸನ್ನೆಲ್ಲ ಫಾರಂನಲ್ಲಿ ಬರೆದು ತೋರಿಸಿ. ತೆಗೆದುಕೊಂಡರೆ ತೆಗೆದುಕೊಳ್ಳಲಿ, ಮುಚ್ಚಿಟ್ಟರೆ ದಂಡ. ಗುಟ್ಕಾವನ್ನು ಹುಬ್ಬಳ್ಳಿ ನಿಲ್ದಾಣದಲ್ಲೇ ಬಿಟ್ಟುಬಿಡಿ, ಮುಂದೆಯೂ ಮುಟ್ಟಬೇಡಿ.

ಮಾಂಸ ತಿನ್ನದವರು ಮೊದಲ ದಿನವೇ ಅಡುಗೆಯವರಿಗೆ ತಿಳಿಸಬೇಕು. ಭಾರತೀಯರ ಬಾಯಲ್ಲಿ ಹಡಗಿನ ಅಡುಗೆಯವನು ಭಂಡಾರಿ. ಹಡಗಿನಲ್ಲಿ ಊಟ ಪುಕ್ಕಟೆ, ಮತ್ತು ಅದು ನಾವಿಕರ ಧರ್ಮ, ಪದ್ಧತಿಗೆ ಹೊಂದುವಂತಿರಬೇಕು ಎಂದು ಮೇಲೆ ಹೇಳಿದ ಲೇಬರ್ ಕನ್ವೆನ್ಶನ್ನೇ ಹೇಳುತ್ತದೆ. ಸಂಕೋಚದಿಂದ ಬರೀ ಬ್ರೆಡ್ಡು ತಿಂದು ಒಂದು ತಿಂಗಳು ಕಳೆದ ಗಜೇಂದ್ರಗಡದ ಕಡೆಯ ಹುಡುಗನೊಬ್ಬನನ್ನು ಕಂಡಿದ್ದೇನೆ. ಭಂಡಾರಿಯ ಬಳಿ ಬೇಳೆಯೂ ಇತ್ತು, ಅಕ್ಕಿಯೂ ಇತ್ತು. ಕೇಳಬೇಕಿತ್ತು, ಅಷ್ಟೇ.

ಮೊದಲ ದಿನ, ಮೊದಲ ವಾರ

ಹಡಗು ಎಷ್ಟು ದೊಡ್ಡದು ಎಂದು ಎಲ್ಲರೂ ಕೇಳುತ್ತಾರೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಉದ್ದನೆಯ ಪ್ಲಾಟ್‌ಫಾರಂ 1,507 ಮೀಟರ್. ಅದಿರು, ಕಲ್ಲಿದ್ದಲು ಹೊರುವ ಕೇಪ್‌ಸೈಜ್ ಹಡಗು 300 ಮೀಟರಿನ ಆಸುಪಾಸು. ಪ್ಲಾಟ್‌ಫಾರಂ ಉದ್ದಕ್ಕೆ ಐದು ನಿಲ್ಲುತ್ತವೆ. ವೇಗ 12 ನಾಟ್ ಎಂದರೆ ಗಂಟೆಗೆ ಸುಮಾರು 22 ಕಿ.ಮೀ. ಚಿಗರಿ ಬಸ್ಸು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಷ್ಟು ದಾರಿಯನ್ನು ಹಡಗು ಒಂದು ಗಂಟೆಯಲ್ಲಿ ಕ್ರಮಿಸುತ್ತದೆ, ಹಗಲೂ ರಾತ್ರಿಯೂ, ನಿಲ್ಲದೆ. ಇಷ್ಟು ದೊಡ್ಡದರಲ್ಲಿ ಇರುವವರು ಇಪ್ಪತ್ತು ಇಪ್ಪತ್ತೈದು ಮಂದಿ. ಹೊಲದ ನಡುವಿನ ಒಂಟಿಮನೆಯ ಬಾಳು ಹೇಗೋ ಹಾಗೆ: ಯಾರೊಡನೆಯೂ ಮಾತು ಬಿಟ್ಟು ಇರಲಾಗದು.

ಹತ್ತಿದ ದಿನ ಮಲಗುವ ಮೊದಲು ಮೂರು ಕೆಲಸ ಮಾಡಿ. ಕ್ಯಾಬಿನ್ನಿನಲ್ಲಿ ಲೈಫ್‌ಜಾಕೆಟ್ ಎಲ್ಲಿದೆ ನೋಡಿ, ಒಮ್ಮೆ ಹಾಕಿ ತೆಗೆಯಿರಿ. ಗೋಡೆಯ ಮೇಲಿನ ಮಸ್ಟರ್ ಪಟ್ಟಿಯಲ್ಲಿ ನಿಮ್ಮ ಹುದ್ದೆಯ ಎದುರು ಏನು ಬರೆದಿದೆ, ಬೆಂಕಿ ಬಿದ್ದರೆ ನಿಮ್ಮ ಪಾಲಿನ ಕೆಲಸ ಯಾವುದು, ಯಾವ ಲೈಫ್‌ಬೋಟು ನಿಮ್ಮದು ಎಂಬುದನ್ನು ಓದಿ. ಆಮೇಲೆ ಕ್ಯಾಬಿನ್ನಿನಿಂದ ಆ ದೋಣಿಯವರೆಗೆ ನಡೆದುಹೋಗಿ, ಗೋಡೆಯ ಮೇಲೆ ಕೈಯಾಡಿಸುತ್ತಾ, ಬಾಗಿಲುಗಳನ್ನು ಎಣಿಸುತ್ತಾ ಮರಳಿ ಬನ್ನಿ. ಹೊಗೆ ತುಂಬಿದಾಗ ಕಣ್ಣು ಕೆಲಸಕ್ಕೆ ಬರುವುದಿಲ್ಲ, ಕೈಗೆ ನೆನಪಿರಬೇಕು. ಏಳು ಸಲ ಗಿಡ್ಡವಾಗಿ, ಒಂದು ಸಲ ಉದ್ದವಾಗಿ ಗಂಟೆ ಬಾರಿಸಿದರೆ ಎಲ್ಲರೂ ಹೊರಗೆ ಬರಬೇಕೆಂದು ಅರ್ಥ.

ಕೆಲಸದ ಮಾತು ಇಂಗ್ಲಿಷು, ಆದರೆ ಭಯಪಡುವಷ್ಟಲ್ಲ. ಚುಕ್ಕಾಣಿ ಹಿಡಿದಾಗ “ಪೋರ್ಟ್ ಟೆನ್”, ಅಂದರೆ ಎಡಕ್ಕೆ ಹತ್ತು ಡಿಗ್ರಿ, ಎಂಬ ಆಜ್ಞೆ ಬಂದರೆ ನೀವೂ “ಪೋರ್ಟ್ ಟೆನ್” ಎಂದು ಗಟ್ಟಿಯಾಗಿ ಹೇಳಿ, ತಿರುಗಿಸಿ, ಮುಗಿದ ಮೇಲೆ ಇನ್ನೊಮ್ಮೆ ಹೇಳಬೇಕು. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗೆ. ಅರ್ಥವಾಗದಿದ್ದರೆ ಮತ್ತೆ ಕೇಳಿ. ತಿಳಿಯದೆ ತಲೆಯಾಡಿಸುವುದು ನಮ್ಮ ಹುಡುಗರ ದೊಡ್ಡ ದೋಷ, ಮರ್ಯಾದೆ ಎಂದುಕೊಂಡು ಹಾಗೆ ಮಾಡುತ್ತಾರೆ. ಹಡಗಿನಲ್ಲಿ ಅದು ಮರ್ಯಾದೆಯಲ್ಲ, ಅಪಾಯ. ಭಾರತೀಯರೇ ಹೆಚ್ಚಿರುವ ಹಡಗಿನಲ್ಲಿ ಹಿಂದಿಯೂ ನಡೆಯುತ್ತದೆ. ಮೂರನೆಯ ಎಂಜಿನಿಯರ್ ತೀನ್ ಸಾಬ್, ನಾಲ್ಕನೆಯವನು ಚಾರ್ ಸಾಬ್.

ವಾಂತಿಯಾಗುತ್ತದೆ, ನಾಚಬೇಡಿ. ಕ್ಯಾಬಿನ್ನಿನಲ್ಲಿ ಮುದುಡಿ ಮಲಗುವ ಬದಲು ಹೊರಗಿನ ಗಾಳಿಯಲ್ಲಿ, ಗಟ್ಟಿಯಾಗಿ ಹಿಡಿದುಕೊಳ್ಳಲು ಆಸರೆಯಿರುವ ಕಡೆ ನಿಂತು, ಆಕಾಶ ನೀರು ಕೂಡುವ ಗೆರೆಯನ್ನು ನೋಡುತ್ತಿರಿ. ಖಾಲಿ ಹೊಟ್ಟೆ ಬೇಡ. ಬಹಳ ಮಂದಿಗೆ ಮೂರ್ನಾಲ್ಕು ದಿನಗಳಲ್ಲಿ ಮೈ ಒಗ್ಗಿಕೊಳ್ಳುತ್ತದೆ.

ಹಗೇವಿನ ಪಾಠ

ನಾನು ಈ ಬರಹಕ್ಕೆ ಕುಳಿತದ್ದೇ ಈ ಒಂದು ವಿಷಯಕ್ಕಾಗಿ. ಉಳಿದದ್ದನ್ನು ಮರೆತರೂ ಇದನ್ನು ಮರೆಯಬೇಡಿ.

ನಮ್ಮ ಅಜ್ಜನ ಮನೆಯ ಅಂಗಳದಲ್ಲಿ ಹಗೇವು ಇತ್ತು. ಈಗಿನ ಹುಡುಗರಲ್ಲಿ ಕೆಲವರು ಕಂಡಿರಬಹುದು, ಹಲವರು ಕೇಳಿರಬಹುದು: ನೆಲದೊಳಗೆ ಕೊಡದಂತೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಕಣಜ. ಅದನ್ನು ತೆರೆಯುವ ದಿನ ಅಜ್ಜ ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಕಲ್ಲು ಸರಿಸಿ ಇಡೀ ದಿನ ಹಾಗೆಯೇ ಬಿಡುತ್ತಿದ್ದ. ಆಮೇಲೆ ಕಂದೀಲು ಹಚ್ಚಿ ಹಗ್ಗ ಕಟ್ಟಿ ಇಳಿಬಿಡುತ್ತಿದ್ದ. ದೀಪ ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ. ಒಳಗೆ ಕಾಳು ಉಸಿರಾಡಿ ಗಾಳಿಯ ಸತ್ವ ತೀರಿರುತ್ತದೆ. ಗಡಿಬಿಡಿಯಲ್ಲಿ ಇಳಿದವನು ಕೂಗುವ ಮೊದಲೇ ಬೀಳುತ್ತಾನೆ, ಅವನನ್ನು ಎತ್ತಲು ಇಳಿದ ತಮ್ಮನೂ ಬೀಳುತ್ತಾನೆ. ನಮ್ಮ ಸೀಮೆಯ ಹಿರಿಯರಿಗೆ ಇಂಥ ಕಥೆಗಳು ಗೊತ್ತು.

ಹಡಗು ಹಗೇವುಗಳಿಂದಲೇ ತುಂಬಿದೆ. ಸರಕು ತುಂಬುವ ಹೋಲ್ಡು, ಸಮತೋಲಕ್ಕೆ ನೀರು ತುಂಬುವ ಬ್ಯಾಲಾಸ್ಟ್ ಟ್ಯಾಂಕು, ಸರಪಳಿಯ ಗೂಡು, ಖಾಲಿ ಕೋಣೆಗಳು. ಜೋಳದಂತೆಯೇ ಗೋಧಿ, ಮರದ ದಿಮ್ಮಿ, ಕಲ್ಲಿದ್ದಲು ಎಲ್ಲವೂ ಗಾಳಿಯ ಆಮ್ಲಜನಕವನ್ನು ನುಂಗುತ್ತವೆ. ಏನೂ ಇಲ್ಲದ ಟ್ಯಾಂಕಿನಲ್ಲೂ ಕಬ್ಬಿಣ ತುಕ್ಕು ಹಿಡಿಯುವಾಗ ಆಮ್ಲಜನಕ ತೀರುತ್ತದೆ. ಖಾಲಿ ಕೋಣೆ, ವಾಸನೆಯಿಲ್ಲ, ಬೆಳಕು ಬೀಳುತ್ತಿದೆ, ಏಣಿ ಗಟ್ಟಿಯಾಗಿದೆ. ಆದರೂ ಸಾವು ಅಲ್ಲೇ ಇರುತ್ತದೆ. ಧಾನ್ಯದ ಹಡಗಿನಲ್ಲಿ ಹುಳುವಿಗೆಂದು ಇಟ್ಟ ಔಷಧದ ಫಾಸ್ಫೀನ್ ಅನಿಲವೂ ಸೇರಿಕೊಳ್ಳುತ್ತದೆ. ಗೋದಾಮಿನಲ್ಲಿ ಜೋಳದ ಚೀಲಗಳ ನಡುವೆ ಇಡುವ ಮಾತ್ರೆಯಿಂದ ಹೊರಡುವುದೂ ಅದೇ ವಿಷ.

ಸರಿಯಾದ ಕ್ರಮ ಇದು. ಮುಚ್ಚಳ ತೆಗೆದು ಫ್ಯಾನಿನಿಂದ ಸಾಕಷ್ಟು ಹೊತ್ತು ಗಾಳಿ ಹಾಯಿಸಬೇಕು. ಜವಾಬ್ದಾರಿಯ ಅಧಿಕಾರಿ ಮೀಟರನ್ನು ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಅಳೆಯಬೇಕು. ಹೊರಗಿನ ಗಾಳಿಯಲ್ಲಿರುವಂತೆ ಆಮ್ಲಜನಕ 20.9 ಶೇಕಡಾ ತೋರಿಸಬೇಕು, ವಿಷಾನಿಲಗಳ ಅಂಕಿಯೂ ಸರಿಯಿರಬೇಕು. ಅನುಮತಿ ಪತ್ರಕ್ಕೆ ಸಹಿ ಬೀಳಬೇಕು. ಬಾಯಿಯ ಬಳಿ ಒಬ್ಬ ಕಾವಲಿರಬೇಕು, ಅವನ ಕೈಯಲ್ಲಿ ರೇಡಿಯೊ, ಪಕ್ಕದಲ್ಲಿ ಉಸಿರಾಟದ ಸಿಲಿಂಡರು. ಇದಾದ ಮೇಲೆ ಮಾತ್ರ ಇಳಿಯಬೇಕು. ಇಲ್ಲಿ ಅಜ್ಜನ ಕಂದೀಲು ಬೇಡವೇ ಬೇಡ. ಹಡಗಿನಲ್ಲಿ ಕಲ್ಲಿದ್ದಲು, ಎಣ್ಣೆಗಳ ಅನಿಲಕ್ಕೆ ಬೆಂಕಿ ತಗುಲಿದರೆ ಸ್ಫೋಟವಾಗುತ್ತದೆ. ದೀಪ ಉರಿಯುವ ಗಾಳಿಯಲ್ಲೂ ಮನುಷ್ಯನಿಗೆ ತಲೆಸುತ್ತು ಬರಬಹುದು, ವಿಷಾನಿಲವನ್ನಂತೂ ದೀಪ ತೋರಿಸದು. 2016ರ ಜುಲೈಯಿಂದ ಇಂಥ ಮೀಟರು ಹಡಗಿನಲ್ಲಿ ಇರಲೇಬೇಕೆಂಬ ನಿಯಮವಿದೆ. ಒಳಗೆ ಬಿದ್ದವರನ್ನು ಎತ್ತುವ ಅಭ್ಯಾಸವನ್ನು ಎರಡು ತಿಂಗಳಿಗೊಮ್ಮೆ ಮಾಡಿಸಬೇಕು.

ಒಳಗೆ ಬಿದ್ದವನನ್ನು ಕಂಡರೆ ಏನು ಮಾಡಬೇಕು? ಇಳಿಯಬಾರದು. ಕೂಗಬೇಕು, ರೇಡಿಯೊದಲ್ಲಿ ತಿಳಿಸಬೇಕು, ಸಿಲಿಂಡರು ಹಾಕಿಕೊಂಡವರು ಬರುವವರೆಗೆ ಕಾಯಬೇಕು. ಬರೆಯುವುದು ಸುಲಭ. ಬಿದ್ದವನು ನಿನ್ನೆ ರಾತ್ರಿ ನಿಮ್ಮ ಜೊತೆ ಕುಳಿತು ಉಂಡವನಾಗಿರುತ್ತಾನೆ, ಅವನ ಬೂಟು ಕಾಣಿಸುತ್ತಿರುತ್ತದೆ. 2006ರಲ್ಲಿ ಒಬ್ಬ ಎಳೆಯ ಹುಡುಗ ಹೀಗೆಯೇ ಏಣಿಗೆ ಕಾಲಿಟ್ಟಾಗ ನಾನು ಅವನ ಬೆಲ್ಟು ಹಿಡಿದು ಹಿಂದಕ್ಕೆ ಎಳೆದೆ. ಅವನು ಅತ್ತ, ನನ್ನನ್ನು ಬೈದ. ಹನ್ನೆರಡು ನಿಮಿಷಗಳ ನಂತರ ಒಳಗಿನವನನ್ನು ಎತ್ತಿದೆವು, ಅವನು ಬದುಕಲಿಲ್ಲ. ಬೆಲ್ಟು ಹಿಡಿಯದಿದ್ದರೆ ಎರಡು ಮನೆಗಳಿಗೆ ಸುದ್ದಿ ಹೋಗುತ್ತಿತ್ತು. ಮೇಲಿನವರು ಗಡಿಬಿಡಿಯಲ್ಲಿ “ಬೇಗ ಇಳಿದು ಬಾ” ಎಂದರೂ “ಮೀಟರು ಹಾಕಿ ಸಾಬ್, ಇಳಿಯುತ್ತೇನೆ” ಎನ್ನಿ. ಹಾಗೆ ಹೇಳುವ ಹಕ್ಕು ನಿಮಗಿದೆ. ನನ್ನ ಕೈಕೆಳಗಿನ ಹುಡುಗ ನನಗೇ ಹಾಗೆ ಹೇಳಿದರೆ ನಾನು ಅವನ ಬೆನ್ನು ತಟ್ಟುತ್ತೇನೆ.

ಹಗ್ಗ ಮತ್ತು ಅದಿರು

ದನ ಕಟ್ಟಿ ಬೆಳೆದವರಿಗೆ ಹಗ್ಗ ಹೊಸದಲ್ಲ. ಆದರೆ ಕೈ ತಾನಾಗಿ ಹಾಕುವ ಜೀರುಗುಣಿಕೆಯನ್ನು ಮನುಷ್ಯನ ಮೈಗೆ ಎಂದೂ ಹಾಕಬೇಡಿ; ಎಳೆದಷ್ಟೂ ಬಿಗಿಯುತ್ತದೆ. ಅಲ್ಲಿ ಬೋಲೈನ್ ಗಂಟು ಬೇಕು, ಅದರ ಕುಣಿಕೆ ಜಾರುವುದೂ ಇಲ್ಲ, ಬಿಗಿಯುವುದೂ ಇಲ್ಲ. ಹೊರಡುವ ಮೊದಲು ಬೋಲೈನ್, ಕ್ಲೋವ್ ಹಿಚ್, ಶೀಟ್ ಬೆಂಡ್ ಮೂರನ್ನೂ ಕಣ್ಣು ಮುಚ್ಚಿ ಹಾಕಲು ಬರಬೇಕು. ಅಳಿಯನಿಗೆ ನಾನು ಕತ್ತಲೆಯ ಕೋಣೆಯಲ್ಲಿ ಹಾಕಿಸುತ್ತಿದ್ದೇನೆ.

ಹಡಗನ್ನು ದಕ್ಕೆಗೆ ಕಟ್ಟುವ ಹಗ್ಗ ಎಷ್ಟೇ ದಪ್ಪಗಿದ್ದರೂ ರಬ್ಬರಿನಂತೆ ಹಿಗ್ಗುತ್ತದೆ. ಹರಿದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ, ಆ ಏಟಿಗೆ ಕಾಲು ಉಳಿಯುವುದಿಲ್ಲ. ಕಪಿಲೆ ಹೊಡೆಯುವಾಗ ಬಿಗಿದ ಹಗ್ಗದ ನೇರಕ್ಕೆ ನಿಲ್ಲಬೇಡ ಎಂದು ಹಿರಿಯರು ಗದರುತ್ತಿದ್ದದ್ದು ಇದಕ್ಕೇ. ಬಿಗಿದ ಹಗ್ಗದ ನೇರದಲ್ಲಿ ನಿಲ್ಲಬೇಡಿ, ಸುರುಳಿಯೊಳಗೆ ಕಾಲಿಡಬೇಡಿ, ಹಗ್ಗವನ್ನು ದಾಟಬೇಡಿ.

ಹುಬ್ಬಳ್ಳಿಯ ಮೇಲೆ ಹಾದು ಗೋವೆಯ ಕಡೆಗೆ ಹೋಗುವ ಅದಿರಿನ ಕೆಂಪು ವ್ಯಾಗನ್ನುಗಳನ್ನು ನಾವೆಲ್ಲ ಕಂಡವರು. ಆ ಅದಿರಿನ ಪುಡಿ ಹಸಿಯಾಗಿದ್ದರೆ, ಅಲೆಯ ಕುಲುಕಿಗೆ ಹೋಲ್ಡಿನಲ್ಲಿ ಕೆಸರಾಗಿ ಒಂದು ಮಗ್ಗುಲಿಗೆ ಸರಿದು ಹಡಗನ್ನೇ ಮಗುಚುತ್ತದೆ. 2009ರ ಮಳೆಗಾಲದಲ್ಲಿ ಮಂಗಳೂರಿನ ಹೊರಗೆ ಏಷ್ಯನ್ ಫಾರೆಸ್ಟ್ ಎಂಬ ಹಡಗು ಅದಿರಿನ ಪುಡಿ ಹೊತ್ತು ಮುಳುಗಿತು, ನಾವಿಕರು ಪಾರಾದರು. ಅದೇ ವರ್ಷ ಒಡಿಶಾದ ಪಾರಾದೀಪದ ಹೊರಗೆ ಬ್ಲ್ಯಾಕ್ ರೋಸ್ ಮುಳುಗಿತು. ಹೀಗಾಗಿ ಲೋಡಿಂಗ್ ವೇಳೆ ಚೀಫ್ ಆಫೀಸರ್ ಡಬ್ಬಿ ತರಲು ಹೇಳಿದರೆ ಬೇಸರಿಸಬೇಡಿ. ಡಬ್ಬಿಗೆ ಅರ್ಧ ಅದಿರು ತುಂಬಿ, ಗೇಣೆತ್ತರದಿಂದ ಗಟ್ಟಿನೆಲಕ್ಕೆ 25 ಸಲ ಕುಟ್ಟಿ ನೋಡುತ್ತಾರೆ. ಮೇಲೆ ನೀರು ಜಿನುಗಿದರೆ ಆ ಸರಕನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಪರೀಕ್ಷಿಸದೆ ತುಂಬಬಾರದು. ಸುರಿಯುವ ಮಳೆಯಲ್ಲಿ ಹೋಲ್ಡಿನ ಬಾಯಿ, ಅಂದರೆ ಹ್ಯಾಚು, ತೆರೆದಿರುವುದು ಕಂಡರೆ ನೀವು ಕೆಳಗಿನವರಾದರೂ ಬಾಯಿ ಬಿಡಿ.

ನಿದ್ದೆ, ಸಂಬಳ

24 ಗಂಟೆಗಳಲ್ಲಿ ಕನಿಷ್ಠ 10 ಗಂಟೆ, 7 ದಿನಗಳಲ್ಲಿ ಕನಿಷ್ಠ 77 ಗಂಟೆ ವಿಶ್ರಾಂತಿ ನಿಮ್ಮ ಹಕ್ಕು. ಆ 10 ಗಂಟೆಗಳನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ, ಅದರಲ್ಲಿ ಒಂದು ತುಂಡು 6 ಗಂಟೆಯಾದರೂ ಇರಬೇಕು. ತಿಂಗಳ ಕೊನೆಗೆ ಗಂಟೆಗಳ ಪಟ್ಟಿಗೆ ಸಹಿ ಕೇಳುತ್ತಾರೆ. ಓದಿ ಸಹಿ ಮಾಡಿ, ಪ್ರತಿ ಇಟ್ಟುಕೊಳ್ಳಿ. ನಿಜವಾಗಿ ದುಡಿದ ಗಂಟೆಗಳನ್ನು ಸಣ್ಣ ಡೈರಿಯಲ್ಲಿ ಕನ್ನಡದಲ್ಲೇ ಬರೆದಿಡಿ.

2011ರಲ್ಲಿ ಒಂದು ಹಳೆಯ ಹಡಗಿನಲ್ಲಿ ಐದು ತಿಂಗಳು ನಮಗೆ ಸಂಬಳ ಬರಲಿಲ್ಲ. ಮಾಲೀಕ ದೂರವಾಣಿ ಎತ್ತಲಿಲ್ಲ, ಕುಡಿಯುವ ನೀರನ್ನು ಅಳೆದು ಕುಡಿದೆವು. ಈಗ ಹಾಗೆ ಕಾಯಬೇಕಿಲ್ಲ. ಎರಡು ತಿಂಗಳ ಸಂಬಳ ಬಾಕಿಯಾದರೆ ಅದನ್ನು ನಾವಿಕರನ್ನು ಕೈಬಿಟ್ಟದ್ದೆಂದೇ ಎಣಿಸಬಹುದು. 2017ರಿಂದ ಇದಕ್ಕೆಂದೇ ವಿಮೆಯ ದಾಖಲೆಯೊಂದನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಊಟ, ನೀರು, ಊರಿಗೆ ಮರಳುವ ಖರ್ಚು, ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಅದರಿಂದ ಸಿಗುತ್ತದೆ. ಹತ್ತಿದ ವಾರವೇ ಆ ಕಾಗದದ ಫೋಟೊ ತೆಗೆದು ಮನೆಗೆ ಕಳಿಸಿ. ಜೊತೆಗೆ ಡಿಜಿ ಶಿಪ್ಪಿಂಗ್, ನಿಮ್ಮ ಯೂನಿಯನ್, ನಾವಿಕರ ಪರವಾಗಿ ಬಂದರುಗಳಲ್ಲಿ ಓಡಾಡುವ ಐಟಿಎಫ್ (ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟ) ಇನ್‌ಸ್ಪೆಕ್ಟರರ ಸಂಪರ್ಕ ಬರೆದುಕೊಂಡಿರಿ. ನಮ್ಮನ್ನು ಅಂದು ಬಿಡಿಸಿದ್ದು ಅಂಥ ಒಬ್ಬ ಇನ್‌ಸ್ಪೆಕ್ಟರ್.

ಕೆಲಸ ಮುಗಿಸಿ ಇಳಿಯುವಾಗ ಸಿಡಿಸಿಯಲ್ಲಿ ಹತ್ತಿದ ದಿನಾಂಕ, ಇಳಿದ ದಿನಾಂಕ, ಕ್ಯಾಪ್ಟನ್ನರ ಸಹಿ, ಹಡಗಿನ ಮೊಹರು ಬಿದ್ದಿದೆಯೇ ಎಂದು ಏಣಿ ಇಳಿಯುವ ಮೊದಲೇ ನೋಡಿ. ಮುಂದಿನ ಬಡ್ತಿಗೆ ಬೇಕಾಗುವ ತಿಂಗಳುಗಳ ಲೆಕ್ಕ ಅದೇ.

ಮನೆಯಲ್ಲಿ ಉಳಿಯುವವರಿಗೆ

ಹಡಗಿನ ಹೆಸರು, ಐಎಂಒ ಸಂಖ್ಯೆ, ಕಂಪನಿಯ ರಾತ್ರಿ ಹಗಲು ಎತ್ತುವ ದೂರವಾಣಿ, ಈ ಮೂರನ್ನೂ ಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಹೋಗಿ. ಮೊಬೈಲಿನಲ್ಲಿ ಹಡಗು ಎಲ್ಲಿದೆ ಎಂದು ತೋರಿಸುವ ನಕ್ಷೆಯನ್ನು ತಮ್ಮನಿಗೋ ತಂಗಿಗೋ ತೆರೆಯಲು ಕಲಿಸಿ. ಆದರೆ ಇದೊಂದನ್ನು ಮೊದಲೇ ಬಿಡಿಸಿ ಹೇಳಿ: ಪುಕ್ಕಟೆ ಸಿಗುವ ನಕ್ಷೆಗಳಿಗೆ ದಡದ ಮೇಲಿನ ಕೇಂದ್ರಗಳಿಂದ ಸುದ್ದಿ ಬರುತ್ತದೆ. ಹಡಗು ದಡದಿಂದ ದೂರ ಹೋದರೆ ಚುಕ್ಕೆ ನಿಂತುಬಿಡುತ್ತದೆ ಅಥವಾ ಮಾಯವಾಗುತ್ತದೆ. ನನ್ನ ಅವ್ವನಿಗೆ ಯಾರೂ ಇದನ್ನು ಹೇಳಿರಲಿಲ್ಲ. ಚುಕ್ಕೆ ಮಾಯವಾದ ರಾತ್ರಿ ಅವಳು ತಮ್ಮನನ್ನು ಎಬ್ಬಿಸಿ, ಬೆಳಗಿನವರೆಗೆ ಮೊಬೈಲು ಹಿಡಿದು ಕುಳಿತಿದ್ದಳು. ಈಗ ಅವಳಿಗೆ ಗೊತ್ತು. ಅಕ್ಕನಿಗೆ ಅವಳೇ ಹೇಳಿಕೊಡುತ್ತಿದ್ದಾಳೆ: ಸಿಂಗಪುರ ದಾಟಿದ ಮೇಲೆ ಎಷ್ಟು ದಿನ ಕಾಣುವುದಿಲ್ಲ, ಆಮೇಲೆ ಯಾವ ದಡದ ಹತ್ತಿರ ಮತ್ತೆ ಕಾಣುತ್ತದೆ ಎಂದು.